ಆಮ್ಲದ ಗುಣಗಳ ಪ್ರಯೋಗ: ಎಲ್ಲಿ ಕೆಡುತ್ತದೆ, ಹೇಗೆ ಸರಿಪಡಿಸಬೇಕು

ಸತುವಿನ ಚೂರಿಗೆ ಆಮ್ಲ ಹಾಕಿದರೂ, ಹೈಡ್ರೋಜನ್ ಹೊತ್ತಿಕೊಂಡಾಗ ಬರಬೇಕಾದ ‘ಪಾಪ್’ ಸದ್ದು ಬರುವುದಿಲ್ಲ. ಸುಣ್ಣದ ತಿಳಿನೀರು ಬೆಳ್ಳಗಾಯಿತು ಅನ್ನುವಷ್ಟರಲ್ಲಿ ಮತ್ತೆ ತಿಳಿಯಾಗಿಬಿಡುತ್ತದೆ. ಅಮೃತಶಿಲೆಯ ಚೂರು ಸ್ವಲ್ಪ ಹೊತ್ತು ನೊರೆ ಬಿಟ್ಟು ಸುಮ್ಮನಾಗುತ್ತದೆ. ಹತ್ತನೇ ತರಗತಿಯ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠದ ಪ್ರಯೋಗ ಮಾಡಿಸುವ ಶಿಕ್ಷಕರೂ ಮಾಡುವ ಮಕ್ಕಳೂ ಮತ್ತೆ ಮತ್ತೆ ಎಡವುವುದು ಇಂಥ ಕಡೆಗಳಲ್ಲೇ. ಪುಸ್ತಕದಲ್ಲಿ ಸಮೀಕರಣ ಸರಿಯಾಗಿದೆ, ಶೀಷೆಯಲ್ಲಿ ಆಮ್ಲವೂ ಇದೆ. ಕೆಡುವುದು ಇವೆರಡರ ನಡುವೆ: ಆಮ್ಲ ಎಷ್ಟು ತೆಳುವಾಗಿದೆ, ಲೋಹದ ಮೈ ಹೇಗಿದೆ, ಅನಿಲ ಎಷ್ಟು ಬಂತು, ಯಾವುದನ್ನು ಮೊದಲು ಮಾಡಿದಿರಿ ಎನ್ನುವುದರಲ್ಲಿ.

ಕ್ರಮ ಹೀಗಿರಲಿ. ಆಮ್ಲವನ್ನು ತೆಳುಗೊಳಿಸುವುದು, ತಿಳಿನೀರು ತಯಾರಿಸುವುದು ಹಿಂದಿನ ದಿನವೇ ಮುಗಿಯಬೇಕು. ಮರುದಿನ ಸೂಚಕ (ಬಣ್ಣ ಬದಲಿಸಿ ಆಮ್ಲವೋ ಪ್ರತ್ಯಾಮ್ಲವೋ ಎಂದು ತೋರಿಸುವ ವಸ್ತು), ಲೋಹ, ಕಾರ್ಬೋನೇಟ್, ಆಕ್ಸೈಡ್, ತಟಸ್ಥೀಕರಣ (ಆಮ್ಲಕ್ಕೆ ಪ್ರತ್ಯಾಮ್ಲ ಸೇರಿ ಎರಡರ ಗುಣವೂ ಅಳಿಯುವುದು) ಇದೇ ಸಾಲಿನಲ್ಲಿ. ಸೂಚಕದಲ್ಲಿ ಆಮ್ಲ ಸರಿಯಿದೆ ಎಂದು ಖಾತ್ರಿಯಾಗದೆ ಲೋಹಕ್ಕೆ ಹೋದರೆ, ಮುಂದೆ ಏನಾದರೂ ಕೆಟ್ಟಾಗ ತಪ್ಪು ಆಮ್ಲದ್ದೋ ಲೋಹದ್ದೋ ಗೊತ್ತಾಗುವುದಿಲ್ಲ.

## ಮೊದಲು ಮೇಜಿನ ಮೇಲೆ ಏನಿರಬೇಕು

ಕಣ್ಣಿಗೆ ಕನ್ನಡಕ, ಮೈಗೆ ಹತ್ತಿಯ ಏಪ್ರನ್. 18 ಮಿ.ಮೀ. ಅಗಲ, 150 ಮಿ.ಮೀ. ಉದ್ದದ ಪ್ರನಾಳಗಳು ಹತ್ತು ಹನ್ನೆರಡು. ಒಂದು ತೂತಿನ ರಬ್ಬರ್ ಬಿರಡೆ, ಅದಕ್ಕೆ ಬಿಗಿಯಾಗಿ ಕೂರುವ ಬಾಗಿದ ಗಾಜಿನ ನಳಿಕೆ. 250 ಮಿ.ಲೀ. ಮತ್ತು 500 ಮಿ.ಲೀ. ಬೀಕರುಗಳು, ಅಳತೆ ಜಾಡಿ, ಡ್ರಾಪರ್, ಆಲಿಕೆ, ಸೋಸು ಕಾಗದ, ಸ್ಪಿರಿಟ್ ದೀಪ, ಉಪ್ಪುಕಾಗದ. ಇವೆಲ್ಲಕ್ಕಿಂತ ಮೊದಲು ಒಂದು ಡಬ್ಬಿ ಅಡುಗೆ ಸೋಡಾ ಮತ್ತು ಕೈಗೆಟುಕುವ ನಲ್ಲಿ. ನಲ್ಲಿಯಲ್ಲಿ ನೀರು ಬರುತ್ತಿದೆಯೇ ಎಂದು ತಿರುಗಿಸಿ ನೋಡಿ. ಬಾರದಿದ್ದರೆ ಎರಡು ಬಕೆಟ್ ತುಂಬಿಸಿ ಪಕ್ಕದಲ್ಲಿಡಿ.

ಆಮ್ಲ ಮೈಗೆ ಬಿದ್ದರೆ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಬೇಕು. ಕಣ್ಣಿಗೆ ಸಿಡಿದರೆ ರೆಪ್ಪೆ ತೆರೆದು ಹಿಡಿದು ಅಷ್ಟೇ ಹೊತ್ತು ನೀರು ಬಿಟ್ಟು, ಬಳಿಕ ಆಸ್ಪತ್ರೆಗೆ ಹೋಗಬೇಕು. ಅಡುಗೆ ಸೋಡಾ ಮೇಜಿಗೆ, ನೆಲಕ್ಕೆ ಮಾತ್ರ. ಚರ್ಮಕ್ಕೂ ಕಣ್ಣಿಗೂ ಅದನ್ನು ಹಾಕಬಾರದು: ತಟಸ್ಥೀಕರಣದ ಬಿಸಿ ಸುಟ್ಟ ಜಾಗವನ್ನು ಇನ್ನಷ್ಟು ಸುಡುತ್ತದೆ, ನೀರು ಹಾಕುವುದೂ ತಡವಾಗುತ್ತದೆ. ಬಟ್ಟೆಗೆ ತಾಗಿದ ಸಾರರಿಕ್ತ (ನೀರು ಬೆರೆಸಿ ತೆಳುಗೊಳಿಸಿದ) ಸಲ್ಫ್ಯೂರಿಕ್ ಆಮ್ಲವನ್ನು ‘ತೆಳು ತಾನೆ’ ಎಂದು ಬಿಡಬೇಡಿ. ನೀರು ಆರುತ್ತದೆ, ಆಮ್ಲ ಆರುವುದಿಲ್ಲ. ಸಂಜೆಯ ಹೊತ್ತಿಗೆ ಅದು ಸಾರೀಕೃತವಾಗಿ, ಅಂದರೆ ನೀರು ಕಳೆದು ಗಟ್ಟಿಯಾಗಿ, ಬಟ್ಟೆ ತೂತಾಗಿರುತ್ತದೆ.

## ಹಂತ 1: ಆಮ್ಲವನ್ನು ತೆಳುಗೊಳಿಸುವುದು (ಹಿಂದಿನ ದಿನ, ಶಿಕ್ಷಕರು ಮಾತ್ರ)

ಅರ್ಧಕ್ಕರ್ಧ ಪ್ರಯೋಗಗಳು ಇಲ್ಲೇ ಕೆಡುತ್ತವೆ, ಅದೂ ಯಾರ ಕಣ್ಣಿಗೂ ಬೀಳದೆ. ‘ಸಾರರಿಕ್ತ ಆಮ್ಲ ಬೇಕು’ ಎಂದಾಗ ಶೀಷೆಯಿಂದ ಒಂದಿಷ್ಟು ಸುರಿದು, ನೀರು ಬೆರೆಸಿ ಅಂದಾಜಿನಲ್ಲಿ ಮಾಡಿಡುತ್ತಾರೆ. ಒಂದು ತಂಡಕ್ಕೆ ಬುಸುಗುಡುವ ಆಮ್ಲ, ಇನ್ನೊಂದಕ್ಕೆ ಹುಳಿ ನೀರು.

ಅಂಗಡಿಯಿಂದ ಬರುವ ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲ ಸಾಮಾನ್ಯವಾಗಿ ಶೇ. 35ರಿಂದ 37, ಅಂದರೆ ಲೀಟರಿಗೆ ಸುಮಾರು 11.6 ಮೋಲ್. ಶೇ. 98ರ ಸಲ್ಫ್ಯೂರಿಕ್ ಆಮ್ಲ ಲೀಟರಿಗೆ ಸುಮಾರು 18 ಮೋಲ್. ಇವುಗಳಿಂದ ತಯಾರಿಸುವ ಅಳತೆ ಹೀಗೆ (ಮೋಲ್ ಎಂದರೆ ಪದಾರ್ಥದ ಪ್ರಮಾಣದ ಘಟಕ; 1 ಮೋಲಾರ್ ಎಂದರೆ ಲೀಟರಿಗೆ 1 ಮೋಲ್):

- 2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ, 250 ಮಿ.ಲೀ.: ಸಾರೀಕೃತ ಆಮ್ಲ 43 ಮಿ.ಲೀ.
- 1 ಮೋಲಾರ್ ಸಲ್ಫ್ಯೂರಿಕ್ ಆಮ್ಲ, 250 ಮಿ.ಲೀ.: ಸಾರೀಕೃತ ಆಮ್ಲ 14 ಮಿ.ಲೀ.
- 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್, 250 ಮಿ.ಲೀ.: ಗಟ್ಟಿ ಹೈಡ್ರಾಕ್ಸೈಡ್ 10 ಗ್ರಾಂ.

ದೊಡ್ಡ ಬೀಕರಿನಲ್ಲಿ ಮೊದಲು 150 ಮಿ.ಲೀ. ಆಸವಿತ ನೀರು. ಆ ಬೀಕರನ್ನು ತಣ್ಣೀರಿನ ಟಬ್ಬಿನಲ್ಲಿ ಇಡಿ. ಆಮ್ಲವನ್ನು ಗಾಜಿನ ಕಡ್ಡಿಯ ಮೇಲಿಂದ ಸಣ್ಣ ಧಾರೆಯಾಗಿ ಇಳಿಸುತ್ತ, ಕಲಕುತ್ತ ಹೋಗಿ. ಪೂರ್ತಿ ತಣ್ಣಗಾದ ಮೇಲೆ ನೀರು ಹಾಕಿ 250 ಮಿ.ಲೀ. ಮಾಡಿಕೊಳ್ಳಿ. ಬಿಸಿಯಿರುವಾಗ ಅಳೆದರೆ ಅಳತೆ ತಪ್ಪುತ್ತದೆ. ಅಳತೆ ಜಾಡಿಯೊಳಗೇ ಬೆರೆಸಲು ಹೋಗಬೇಡಿ, ಬಿಸಿಗೆ ಅದರ ಬುಡ ಸೀಳುವುದುಂಟು.

ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ. ಎಲ್ಲರ ಬಾಯಲ್ಲೂ ಇರುವ ಮಾತೇ. ಆದರೆ ಕೊನೆಯಲ್ಲಿ ‘ಸ್ವಲ್ಪ ಗಟ್ಟಿಯಾಯಿತು’ ಎಂದು ಸಾರೀಕೃತ ಸಲ್ಫ್ಯೂರಿಕ್ ಉಳಿದ ಬೀಕರಿಗೆ ನಲ್ಲಿ ನೀರು ಹಿಡಿಯುವವರೂ ಅವರೇ. ಸಲ್ಫ್ಯೂರಿಕ್ ಆಮ್ಲ ನೀರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಮೇಲೆ ಬಿದ್ದ ನೀರು ಮೇಲೆಯೇ ನಿಂತು, ಅಲ್ಲೇ ಕುದಿದು, ಆಮ್ಲವನ್ನು ಹೊತ್ತು ಸಿಡಿಯುತ್ತದೆ. ಬಳಸಿದ ಬೀಕರನ್ನು ತೊಳೆಯುವಾಗಲೂ ಇದೇ ನಿಯಮ: ಉಳಿದದ್ದನ್ನು ಬಕೆಟ್ ತುಂಬ ಇರುವ ನೀರಿಗೆ ಸುರಿಯಬೇಕು.

ಕೆಟ್ಟಿರುವ ಸೂಚನೆ: ಹೈಡ್ರೋಕ್ಲೋರಿಕ್ ಆಮ್ಲದ ಶೀಷೆಯ ಮುಚ್ಚಳ ತೆಗೆದಾಗ ಬಿಳಿ ಹೊಗೆಯೇ ಏಳದಿದ್ದರೆ, ಮುಚ್ಚಳ ಸಡಿಲವಾಗಿ ಅನಿಲ ಹಾರಿಹೋಗಿದೆ ಎಂದರ್ಥ. ಲೇಬಲ್ಲಿನ ಶೇಕಡಾ ಲೆಕ್ಕ ಅದಕ್ಕೆ ಇನ್ನು ಅನ್ವಯಿಸುವುದಿಲ್ಲ. ಶೌಚಾಲಯ ತೊಳೆಯುವ ಆಮ್ಲವನ್ನು ಬದಲಿಗೆ ಬಳಸುವ ಯೋಚನೆ ಬೇಡ. ಅದರಲ್ಲಿ ಬಣ್ಣವೂ ಮಾರ್ಜಕವೂ ಇರುವುದರಿಂದ ಸೂಚಕದ ಬಣ್ಣವೂ ನೊರೆಯೂ ಸುಳ್ಳು ಹೇಳುತ್ತವೆ. ಅದು ಬ್ಲೀಚಿಂಗ್ ಪುಡಿಯ ಜೊತೆ ಸೇರಿದರಂತೂ ಕ್ಲೋರಿನ್ ಅನಿಲ ಏಳುತ್ತದೆ.

## ಹಂತ 2: ಸುಣ್ಣದ ತಿಳಿನೀರು

ಸುಣ್ಣ ನೀರಿನಲ್ಲಿ ಕರಗುವುದೇ ಕಡಿಮೆ; ಲೀಟರಿಗೆ ಒಂದೂವರೆ ಗ್ರಾಂಗಿಂತ ತುಸು ಹೆಚ್ಚು. ಅದಕ್ಕಾಗಿ ಮುಷ್ಟಿಗಟ್ಟಲೆ ಹಾಕಬೇಕಾಗಿಲ್ಲ. ಅರಳಿದ ಸುಣ್ಣ 3 ಗ್ರಾಂ, ಆಸವಿತ ನೀರು ಅರ್ಧ ಲೀಟರ್. ಬಾಟಲಿಯಲ್ಲಿ ಐದು ನಿಮಿಷ ಕುಲುಕಿ, ಮುಚ್ಚಳ ಬಿಗಿದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನು ಅಲುಗಿಸದೆ ಬಗ್ಗಿಸಿ ಸೋಸಿಕೊಳ್ಳಿ. ಬೇಗ ಕರಗಲೆಂದು ಬಿಸಿ ನೀರು ಹಾಕುವವರಿದ್ದಾರೆ. ಸುಣ್ಣದ ಸ್ವಭಾವ ಉಪ್ಪು ಸಕ್ಕರೆಗಳಿಗೆ ವಿರುದ್ಧ, ನೀರು ಬಿಸಿಯಾದಷ್ಟೂ ಅದು ಕರಗುವುದು ಕಡಿಮೆ.

ಎಲೆಅಡಿಕೆಯ ಸುಣ್ಣವೂ ಆಗುತ್ತದೆ, ಬಣ್ಣ ಪರಿಮಳ ಬೆರೆಸಿಲ್ಲದಿದ್ದರೆ. ಬಾಟಲಿಯೊಳಗೆ ತಿಳಿನೀರಿನ ಮೇಲೆ ಬಿಳಿ ಪೊರೆ ಕಂಡರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಅದರ ಕೆಲಸವನ್ನು ಆಗಲೇ ಮುಗಿಸಿದೆ. ಪರೀಕ್ಷಿಸಲು 2 ಮಿ.ಲೀ. ತಿಳಿನೀರಿಗೆ ಪ್ರತ್ಯಾಮ್ಲದಲ್ಲಿ ಗುಲಾಬಿಯಾಗುವ ಸೂಚಕವಾದ ಫಿನಾಲ್ಫ್ತಲೀನ್ ಒಂದು ಹನಿ ಹಾಕಿ. ಗಾಢ ಗುಲಾಬಿ ಬಂದರೆ ಸರಿ, ಮಸುಕಾದರೆ ಹೊಸದು ಮಾಡಿ.

## ಹಂತ 3: ಸೂಚಕಗಳು

ಹೊಸ ಪ್ರನಾಳದಲ್ಲಿ 2 ಮಿ.ಲೀ. ಆಮ್ಲ ತೆಗೆದುಕೊಂಡು, ಗಾಜಿನ ಕಡ್ಡಿಯ ತುದಿಯಿಂದ ಒಂದು ಹನಿಯನ್ನು ನೀಲಿ ಲಿಟ್ಮಸ್ ಕಾಗದಕ್ಕೆ ತಾಗಿಸಿ. ಕಾಗದವನ್ನೇ ಪ್ರನಾಳದೊಳಗೆ ಇಳಿಬಿಟ್ಟರೆ ಅದರ ಬಣ್ಣ ಆಮ್ಲಕ್ಕೆ ಇಳಿದು, ಮುಂದಿನ ಪ್ರಯೋಗಕ್ಕೆ ಆ ಆಮ್ಲ ಬಾರದು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನಲ್ಲಿ, ತೆರೆದಿಟ್ಟ ಲಿಟ್ಮಸ್ ಪುಸ್ತಿಕೆ ಪ್ರಯೋಗಾಲಯದ ಆಮ್ಲದ ಆವಿ ಹೀರಿ ತಾನಾಗಿ ಕೆಂಪಾಗುತ್ತದೆ. ಬಳಸುವ ಮೊದಲು ಒಂದು ಚೂರನ್ನು ಬರೀ ಆಸವಿತ ನೀರಿನಲ್ಲಿ ನೋಡಿಕೊಳ್ಳಿ.

ಮೀಥೈಲ್ ಆರೆಂಜ್ ಆಮ್ಲದಲ್ಲಿ ಕೆಂಪು. ಪಿಎಚ್ (ಆಮ್ಲತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲತೆ ಹೆಚ್ಚು) 3.1ಕ್ಕಿಂತ ಕೆಳಗೆ ಪೂರ್ತಿ ಕೆಂಪು, 4.4ರ ಮೇಲೆ ಹಳದಿ. ಅಂದರೆ ತೀರ ದುರ್ಬಲ ಆಮ್ಲದ ದ್ರಾವಣ ‘ಹಳದಿ’ ತೋರಿಸಿದರೆ ಅದು ಆಮ್ಲವಲ್ಲ ಎಂದು ಬರೆಯಬಾರದು.

ಫಿನಾಲ್ಫ್ತಲೀನ್ ಆಮ್ಲದಲ್ಲಿ ಬಣ್ಣವಿಲ್ಲದ್ದು. ನೀರಿನಲ್ಲೂ ಉಪ್ಪುನೀರಿನಲ್ಲೂ ಬಣ್ಣವಿಲ್ಲದ್ದೇ. ಅದರಿಂದ ‘ಇದು ಪ್ರತ್ಯಾಮ್ಲವಲ್ಲ’ ಎಂದಷ್ಟೇ ಹೇಳಬಹುದು. ಅರಿಶಿನದ್ದೂ ಇದೇ ಕಥೆ: ಆಮ್ಲದಲ್ಲಿ ಹಳದಿಯಾಗಿಯೇ ಉಳಿಯುತ್ತದೆ. ಮಕ್ಕಳು ‘ಬದಲಾವಣೆ ಇಲ್ಲ’ ಎಂದು ಬರೆದು ಮುಂದೆ ಹೋಗುತ್ತಾರೆ. ಅರಿಶಿನದಿಂದ ಆಮ್ಲವನ್ನು ತೋರಿಸಬೇಕಿದ್ದರೆ ದಾರಿ ಬೇರೆ. ಅರಿಶಿನ ಹಚ್ಚಿ ಒಣಗಿಸಿದ ಕಾಗದವನ್ನು ಮೊದಲು ಸುಣ್ಣದ ನೀರಿನಿಂದ ಕೆಂಪು ಮಾಡಿ (ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಇದೇ ಗುಣದಿಂದ), ಆ ಕೆಂಪಿನ ಮೇಲೆ ಆಮ್ಲದ ಹನಿ ಬಿಟ್ಟರೆ ಹಳದಿ ಮರಳುತ್ತದೆ.

ಕೆಂಪು ದಾಸವಾಳದ ನಾಲ್ಕು ಹೂವಿನ ಎಸಳನ್ನು 50 ಮಿ.ಲೀ. ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಸೋಸಿದರೆ ಒಳ್ಳೆಯ ಸೂಚಕವಾಗುತ್ತದೆ: ಆಮ್ಲಕ್ಕೆ ಕಡು ಗುಲಾಬಿ, ಪ್ರತ್ಯಾಮ್ಲಕ್ಕೆ ಹಸಿರು. ಅದೇ ದಿನ ಬಳಸಿ ಮುಗಿಸಬೇಕು, ಮರುದಿನಕ್ಕೆ ಅದರ ಮೇಲೆ ನಂಬಿಕೆ ಬೇಡ.

## ಹಂತ 4: ಲೋಹದೊಂದಿಗೆ ಆಮ್ಲ, ಮತ್ತು ಬಾರದ ‘ಪಾಪ್’ ಸದ್ದು

1. ಸತುವಿನ ಎರಡು ಹರಳುಗಳನ್ನು (ಒಟ್ಟು 2 ಗ್ರಾಂ ಆಸುಪಾಸು) ಒಂದು ನಿಮಿಷ ಸಾರರಿಕ್ತ ಆಮ್ಲದಲ್ಲಿ ಅದ್ದಿ, ನೀರಿನಲ್ಲಿ ತೊಳೆಯಿರಿ. ಬೂದು ಆಕ್ಸೈಡ್ ಪದರ ಹೋಗಿ ಹೊಳಪು ಕಾಣಬೇಕು.

2. ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಂತ ಪ್ರನಾಳಕ್ಕೆ ಹರಳು ಹಾಕಿ, 2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 5 ಮಿ.ಲೀ. ಸುರಿಯಿರಿ. ಈ ಅಳತೆಯಲ್ಲಿ ಒಟ್ಟು ಸುಮಾರು 120 ಮಿ.ಲೀ. ಹೈಡ್ರೋಜನ್ ಬರಬಲ್ಲದು. ಅದು ನಾಲ್ಕೈದು ಪ್ರನಾಳಗಳಿಗೆ ಸಾಕು.

3. ಗುಳ್ಳೆ ಚೆನ್ನಾಗಿ ಏಳತೊಡಗಿದ ಮೇಲೆ, ಅದೇ ಅಗಲದ ಇನ್ನೊಂದು ಒಣ ಪ್ರನಾಳವನ್ನು ಬಾಯಿಗೆ ಬಾಯಿ ಕೂಡುವಂತೆ ತಲೆಕೆಳಗಾಗಿ ಹಿಡಿಯಿರಿ. ಒಂದು ನಿಮಿಷ ಹಾಗೇ ಇರಲಿ.

4. ಮೇಲಿನ ಪ್ರನಾಳವನ್ನು ತಲೆಕೆಳಗಾಗಿಯೇ ಎತ್ತಿ, ಆಮ್ಲದ ಪ್ರನಾಳದಿಂದ ಕನಿಷ್ಠ ಅರ್ಧ ಮೀಟರ್ ದೂರ ಒಯ್ದು, ಅದರ ಬಾಯಿಗೆ ಮೇಣದ ಬತ್ತಿಯ ಜ್ವಾಲೆ ತೋರಿಸಿ.

ಸದ್ದು ಬಾರದಿದ್ದರೆ ಒಂದೊಂದಾಗಿ ನೋಡಿ. ಪ್ರನಾಳವನ್ನು ಮೇಲ್ಮುಖ ತಿರುಗಿಸಿದಿರಾ? ಗಾಳಿಗಿಂತ ಹಗುರವಾದ ಅನಿಲ ಅಷ್ಟರಲ್ಲಿ ಹೊರಟುಹೋಗಿರುತ್ತದೆ. ಜ್ವಾಲೆಗೆ ಬದಲು ಊದುಬತ್ತಿಯ ಕೆಂಡ ತೋರಿಸಿದಿರಾ? ಕೆಂಡವನ್ನು ನೆಚ್ಚಿಕೊಳ್ಳುವಂತಿಲ್ಲ, ಜ್ವಾಲೆಯೇ ಬೇಕು. ಆಮ್ಲವಿರುವ ಪ್ರನಾಳದ ಬಾಯಿಗೇ ಕಡ್ಡಿ ಹಿಡಿದಿರಾ? ಏಳುವ ಆಮ್ಲದ ತುಂತುರಿಗೆ ಕಡ್ಡಿ ನಂದುತ್ತದೆ. ಅದರ ಜೊತೆ ಅಪಾಯವೂ ಇದೆ. ಹೈಡ್ರೋಜನ್ ಗಾಳಿಯಲ್ಲಿ ಶೇ. 4ರಿಂದ 75ರವರೆಗೆ ಯಾವ ಪ್ರಮಾಣದಲ್ಲಿದ್ದರೂ ಹೊತ್ತಿಕೊಳ್ಳುತ್ತದೆ, ಸ್ಫೋಟಿಸಲೂಬಹುದು. ಪ್ರನಾಳದಲ್ಲಿ ಅದು ‘ಪಾಪ್’, ಫ್ಲಾಸ್ಕಿನಲ್ಲಿ ಗಾಜಿನ ಚೂರು. ಆದ್ದರಿಂದ ಅನಿಲ ಹುಟ್ಟುತ್ತಿರುವ ಪಾತ್ರೆಗೆ, ಅದರ ನಳಿಕೆಯ ತುದಿಗೆ ಎಂದೂ ಬೆಂಕಿ ಹಿಡಿಯಬಾರದು.

ಸದ್ದಿಲ್ಲದೆ ಮಸುಕು ನೀಲಿ ಜ್ವಾಲೆ ಒಳಗೇರಿ ಹೋದರೆ ಪ್ರಯೋಗ ಕೆಟ್ಟಿಲ್ಲ. ಪ್ರನಾಳದಲ್ಲಿ ಹೆಚ್ಚುಕಡಿಮೆ ಶುದ್ಧ ಹೈಡ್ರೋಜನ್ ತುಂಬಿತ್ತು. ಗಾಳಿ ಬೆರೆತರೆ ಮಾತ್ರ ಸದ್ದು. ಮುಂದಿನ ಸಲ ಅರ್ಧ ನಿಮಿಷಕ್ಕೇ ತೆಗೆಯಿರಿ.

ಗುಳ್ಳೆಯೇ ಏಳುತ್ತಿಲ್ಲವೆಂದರೆ ಸತುವು ಅತಿ ಶುದ್ಧವಾಗಿರಬಹುದು. ಇದು ಹಲವರಿಗೆ ವಿಚಿತ್ರವೆನಿಸುತ್ತದೆ, ಆದರೆ ಶುದ್ಧ ಸತುವು ಆಮ್ಲದೊಂದಿಗೆ ಬಲು ನಿಧಾನ. ತಾಮ್ರದ ಸಲ್ಫೇಟ್ ದ್ರಾವಣದ ಮೂರು ಹನಿ ಹಾಕಿ. ಸತುವಿನ ಮೈಮೇಲೆ ಅಲ್ಲಲ್ಲಿ ತಾಮ್ರ ಕೂತು ಪುಟ್ಟ ವಿದ್ಯುತ್ಕೋಶಗಳಾಗುತ್ತವೆ, ಹೈಡ್ರೋಜನ್ ಆ ತಾಮ್ರದ ಮೇಲಿಂದ ಸಲೀಸಾಗಿ ಏಳುತ್ತದೆ. ಮೂರು ಹನಿಗೆ ಚೆನ್ನಾಗಿ ಬಂತೆಂದು ಒಂದು ಚಮಚ ಹಾಕಿದರೆ ತಾಮ್ರ ಸತುವನ್ನು ಪೂರ್ತಿ ಮುಚ್ಚಿ ಎಲ್ಲ ನಿಂತುಹೋಗುತ್ತದೆ.

ಬೇರೆ ಲೋಹಗಳನ್ನು ಹೋಲಿಸುವಾಗ ಮೋಸ ಮಾಡುವುದು ಆಮ್ಲವಲ್ಲ, ಅಂಗಡಿಯ ಸಾಮಾನು. ‘ಕಬ್ಬಿಣದ ಮೊಳೆ’ ಎಂದು ತಂದದ್ದಕ್ಕೆ ಸತುವಿನ ಲೇಪ ಇರುತ್ತದೆ. ಮೊದಲು ಜೋರು ನೊರೆ, ಆಮೇಲೆ ಮಂದ. ಮೊದಲಿನದು ಸತುವಿನದು, ಕಬ್ಬಿಣದ್ದು ಆಮೇಲಿನದು. ಲೇಪವಿಲ್ಲದ ಮೊಳೆಗೂ ಎಣ್ಣೆಯ ಪಸೆ ಇರುತ್ತದೆ, ಸಾಬೂನು ಹಾಕಿ ತೊಳೆದು ಉಪ್ಪುಕಾಗದದಿಂದ ಉಜ್ಜಬೇಕು. ಮೋಟಾರ್ ವೈಂಡಿಂಗ್ ತಾಮ್ರದ ತಂತಿಯ ಮೇಲೆ ವಾರ್ನಿಷ್ ಇದೆ. ‘ತಾಮ್ರ ಸಾರರಿಕ್ತ ಆಮ್ಲದೊಂದಿಗೆ ವರ್ತಿಸಲಿಲ್ಲ’ ಎಂಬ ಉತ್ತರವೇನೋ ಸರಿ, ಆದರೆ ಆಮ್ಲ ತಾಮ್ರವನ್ನು ಮುಟ್ಟಿಯೇ ಇಲ್ಲ. ವಾರ್ನಿಷ್ ಕೆರೆದು ಮತ್ತೆ ಮಾಡಿ.

ಅಲ್ಯೂಮಿನಿಯಂ ಹಾಳೆ ಒಂದೆರಡು ನಿಮಿಷ ಏನೂ ಆಗದಂತೆ ಕೂತಿರುತ್ತದೆ. ಅದರ ಆಕ್ಸೈಡ್ ಪದರ ಕರಗುವವರೆಗೆ ಹಾಗೆ. ಕರಗಿದ ಮೇಲೆ ಒಮ್ಮೆಲೇ ಬಿಸಿಯೇರಿ ಉಕ್ಕುತ್ತದೆ. ಕಾಯುವ ತಾಳ್ಮೆಯಿಲ್ಲದೆ ಇನ್ನಷ್ಟು ಆಮ್ಲ ಸುರಿದವರ ಕೈಗೇ ಅದು ಉಕ್ಕುವುದು. ಸೀಸಕ್ಕೆ ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಕರಗದ ಸೀಸದ ಸಲ್ಫೇಟ್ ಮೈಗೆ ಅಂಟಿ ಕ್ರಿಯೆ ಅಲ್ಲಿಗೇ ನಿಲ್ಲುತ್ತದೆ.

ನೈಟ್ರಿಕ್ ಆಮ್ಲವನ್ನು ಈ ಸಾಲಿಗೆ ಸೇರಿಸಬೇಡಿ. ಅದು ಬಲವಾದ ಉತ್ಕರ್ಷಣಕಾರಿ. ಹುಟ್ಟಬೇಕಾದ ಹೈಡ್ರೋಜನ್ನನ್ನು ನೀರಾಗಿಸಿ ತಾನು ನೈಟ್ರೋಜನ್ನಿನ ಆಕ್ಸೈಡುಗಳಾಗಿ ಒಡೆಯುತ್ತದೆ. ಮೆಗ್ನೀಷಿಯಂ ಮತ್ತು ಮ್ಯಾಂಗನೀಸ್ ಮಾತ್ರ ತೀರ ತೆಳುವಾದ, ಶೇ. 1ರಷ್ಟರ ನೈಟ್ರಿಕ್ ಆಮ್ಲದಿಂದ ಹೈಡ್ರೋಜನ್ ಬಿಡಿಸುತ್ತವೆ. ಪ್ರನಾಳದಲ್ಲಿ ಕಂದು ಹೊಗೆ ಕಂಡರೆ ಅದು ನೈಟ್ರೋಜನ್ ಡೈಆಕ್ಸೈಡ್, ವಿಷ. ಕಿಟಕಿ ತೆರೆದು ಎಲ್ಲರನ್ನೂ ಹೊರಗೆ ಕಳಿಸಿ.

## ಹಂತ 5: ಕಾರ್ಬೋನೇಟ್ ಮತ್ತು ಸುಣ್ಣದ ತಿಳಿನೀರು

ಕಾರ್ಬೋನೇಟಿಗೆ ಆಮ್ಲ ಹಾಕಿದಾಗ ಏಳುವ ಕಾರ್ಬನ್ ಡೈಆಕ್ಸೈಡ್ ತಿಳಿನೀರನ್ನು ಬೆಳ್ಳಗಾಗಿಸಬೇಕು. ಇಲ್ಲಿ ಸೋಲುವುದಕ್ಕೆ ಮುಖ್ಯ ಕಾರಣ ಧಾರಾಳತನ. ಲೆಕ್ಕ ನೋಡಿ: 5 ಮಿ.ಲೀ. ತಿಳಿನೀರಿನಲ್ಲಿರುವ ಸುಣ್ಣವನ್ನೆಲ್ಲ ಬೆಳ್ಳಗಾಗಿಸಲು ಬೇಕಾದ ಕಾರ್ಬನ್ ಡೈಆಕ್ಸೈಡ್ 3 ಮಿ.ಲೀ.ಗಿಂತ ಕಡಿಮೆ. ಒಂದು ಗ್ರಾಂ ಅಡುಗೆ ಸೋಡಾದಿಂದ ಬರುವುದು ಸುಮಾರು 285 ಮಿ.ಲೀ. ನೂರು ಪಟ್ಟು! ಹೆಚ್ಚಾದ ಅನಿಲ ಆ ಬಿಳಿ ಕ್ಯಾಲ್ಸಿಯಂ ಕಾರ್ಬೋನೇಟನ್ನು ನೀರಿನಲ್ಲಿ ಕರಗುವ ಬೈಕಾರ್ಬೋನೇಟ್ ಮಾಡಿ ಮತ್ತೆ ತಿಳಿಯಾಗಿಸುತ್ತದೆ. ಹಾಲಿನ ಬಣ್ಣ ಕ್ಷಣಮಾತ್ರ ಬಂದು ಹೋಗಿರುತ್ತದೆ, ನೋಡುವ ಕಣ್ಣು ಆಗ ಬಿರಡೆಯ ಮೇಲಿರುತ್ತದೆ.

1. ಪ್ರನಾಳದಲ್ಲಿ 0.2 ಗ್ರಾಂ ಅಡುಗೆ ಸೋಡಾ. ಒಂದು ಚಿಟಿಕೆ ಎಂದುಕೊಳ್ಳಿ. ಪ್ರನಾಳ, ನಳಿಕೆಗಳೊಳಗಿನ ಗಾಳಿಯನ್ನು ತಳ್ಳಲು ಮೊದಲ ಒಂದಿಷ್ಟು ಅನಿಲ ಖರ್ಚಾಗುತ್ತದೆ, ಅದಕ್ಕಾಗಿ ಇಷ್ಟು.

2. ಬಾಗಿದ ನಳಿಕೆಯ ತುದಿ ಇನ್ನೊಂದು ಪ್ರನಾಳದಲ್ಲಿರುವ 5 ಮಿ.ಲೀ. ತಿಳಿನೀರಿನೊಳಗೆ 2 ಸೆಂ.ಮೀ. ಮುಳುಗಿರಲಿ. ಇದನ್ನು ಆಮ್ಲ ಹಾಕುವ ಮೊದಲೇ ಹೊಂದಿಸಿಕೊಳ್ಳಿ.

3. ಸೋಡಾಕ್ಕೆ 2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 2 ಮಿ.ಲೀ. ಹಾಕಿ ತಕ್ಷಣ ಬಿರಡೆ ಒತ್ತಿ. ಬಿರಡೆಯನ್ನು ಮೊದಲೇ ನೀರಿನಲ್ಲಿ ಅದ್ದಿಟ್ಟುಕೊಂಡಿದ್ದರೆ ಸರಿಯಾಗಿ ಕೂರುತ್ತದೆ.

4. ಬೆಳ್ಳಗಾದ ಕೂಡಲೇ ತಿಳಿನೀರಿನ ಪ್ರನಾಳವನ್ನು ಕೆಳಗಿಳಿಸಿ ತೆಗೆಯಿರಿ. ತಡಮಾಡಿದರೆ ಗುಳ್ಳೆ ನಿಂತ ಮೇಲೆ ತಿಳಿನೀರು ನಳಿಕೆಯಲ್ಲಿ ಹಿಂದಕ್ಕೆ ಹೀರಿಕೊಂಡು ಆಮ್ಲಕ್ಕೆ ಬೀಳಲೂಬಹುದು.

ತಿಳಿಯಾಗಿಬಿಟ್ಟ ದ್ರಾವಣ ಕೈಯಲ್ಲಿದ್ದರೆ ಎಸೆಯಬೇಡಿ, ಕಾಯಿಸಿ. ಮತ್ತೆ ಬೆಳ್ಳಗಾದರೆ ಅನಿಲ ಹೆಚ್ಚಾಗಿತ್ತು: ಬೈಕಾರ್ಬೋನೇಟ್ ಒಡೆದು ಕಾರ್ಬೋನೇಟ್ ಮರಳಿತು. ಕಾಯಿಸಿದರೂ ತಿಳಿಯಾಗಿಯೇ ಉಳಿದರೆ ನೊರೆಯ ಜೊತೆ ಆಮ್ಲವೇ ನಳಿಕೆಯಲ್ಲಿ ದಾಟಿ ಬಂದಿದೆ. ಆಗ ಪ್ರನಾಳವನ್ನು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬದೆ ಮತ್ತೆ ಮಾಡಬೇಕು. ಒಂದೇ ಕಾಯಿಸುವಿಕೆಯಿಂದ ಎರಡು ತಪ್ಪುಗಳನ್ನು ಬೇರೆ ಮಾಡಿ ತೋರಿಸುವ ಈ ಪರೀಕ್ಷೆಯನ್ನು ತರಗತಿಯಲ್ಲಿ ಬೇಕೆಂದೇ ಮಾಡಿಸಬೇಕು.

ವಾಷಿಂಗ್ ಸೋಡಾದ ದ್ರಾವಣಕ್ಕೆ ಹನಿಹನಿಯಾಗಿ ಆಮ್ಲ ಹಾಕಿದವರು ‘ಗುಳ್ಳೆಯೇ ಬರಲಿಲ್ಲ’ ಎನ್ನುತ್ತಾರೆ. ಮೊದಲ ಹನಿಗಳು ಕಾರ್ಬೋನೇಟನ್ನು ಬೈಕಾರ್ಬೋನೇಟ್ ಮಾಡುವುದರಲ್ಲೇ ಮುಗಿಯುತ್ತವೆ, ಅನಿಲ ಬರುವುದು ಆಮೇಲೆ. ಪುಡಿಯನ್ನೇ ತೆಗೆದುಕೊಂಡು ಅದರ ಮೇಲೆ ಆಮ್ಲ ಸುರಿಯಿರಿ.

ಅಮೃತಶಿಲೆ ಅಥವಾ ಸುಣ್ಣಕಲ್ಲಿಗೆ ಹೈಡ್ರೋಕ್ಲೋರಿಕ್ ಆಮ್ಲ ಬಳಸಿ, ಸಲ್ಫ್ಯೂರಿಕ್ ಬೇಡ. ಸಲ್ಫ್ಯೂರಿಕ್ ಹಾಕಿದರೆ ಕಲ್ಲಿನ ಮೈಗೆ ಅಷ್ಟಾಗಿ ಕರಗದ ಕ್ಯಾಲ್ಸಿಯಂ ಸಲ್ಫೇಟ್ ಮೆತ್ತಿಕೊಂಡು ನೊರೆ ನಿಲ್ಲುತ್ತದೆ. ಆರಂಭದಲ್ಲಿ ಹೇಳಿದ ದೂರು ಇದೇ. ಮೊಟ್ಟೆಯ ಚಿಪ್ಪಾದರೆ ಒಳಗಿನ ಪೊರೆ ಬಿಡಿಸಿ, ಪುಡಿ ಮಾಡಿ ಬಳಸಿ.

## ಹಂತ 6: ಲೋಹದ ಆಕ್ಸೈಡ್

ಹಿತ್ತಾಳೆ ತಾಮ್ರದ ಪಾತ್ರೆಗೆ ಹುಣಸೆಹಣ್ಣು ತಿಕ್ಕಿದಾಗ ಕಪ್ಪು ಬಿಡುವುದು, ಲೋಹದ ಆಕ್ಸೈಡ್ ಆಮ್ಲದಲ್ಲಿ ಕರಗುವ ಇದೇ ಕ್ರಿಯೆಯಿಂದ. ಪ್ರಯೋಗಾಲಯದಲ್ಲಿ 1 ಮೋಲಾರ್ ಸಲ್ಫ್ಯೂರಿಕ್ ಆಮ್ಲ 20 ಮಿ.ಲೀ.ಯನ್ನು 60ರಿಂದ 70 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಮಾಡಿ, ಕಪ್ಪು ತಾಮ್ರದ ಆಕ್ಸೈಡ್ 2 ಗ್ರಾಮನ್ನು ಚಿಟಿಕೆ ಚಿಟಿಕೆಯಾಗಿ ಹಾಕುತ್ತ ಕಲಕಿ. ತಣ್ಣಗಿನ ಆಮ್ಲದಲ್ಲಿ ಇದು ಆಗುವುದೇ ಇಲ್ಲವೆನ್ನುವಷ್ಟು ನಿಧಾನ, ಹೆಚ್ಚಿನವರು ಸೋಲುವುದು ಅಲ್ಲೇ. ಕೊನೆಗೆ ಸ್ವಲ್ಪ ಕಪ್ಪು ಪುಡಿ ಉಳಿಯಲೇಬೇಕು: ಆಮ್ಲವೆಲ್ಲ ಖರ್ಚಾಗಿದೆ ಎನ್ನಲು ಅದೇ ಸಾಕ್ಷಿ. ಸೋಸಿ, ಅರ್ಧಕ್ಕೆ ಬತ್ತಿಸಿ, ಅಲುಗಿಸದೆ ತಣಿಯಲು ಬಿಟ್ಟರೆ ನೀಲಿ ಹರಳು. ಪೂರ್ತಿ ಒಣಗಿಸಿದರೆ ಬಿಳಿಚಿದ ಪುಡಿ ಸಿಗುತ್ತದೆ, ಹರಳಲ್ಲ. ಹೈಡ್ರೋಕ್ಲೋರಿಕ್ ಆಮ್ಲ ಬಳಸಿದರೆ ದ್ರಾವಣ ನೀಲಿಯ ಬದಲು ಹಸಿರಾಗಿ ಕಾಣುತ್ತದೆ, ಅದು ತಪ್ಪಲ್ಲ.

## ಹಂತ 7: ತಟಸ್ಥೀಕರಣ

1 ಮೋಲಾರ್ ಹೈಡ್ರಾಕ್ಸೈಡಿನ 10 ಮಿ.ಲೀ.ಯನ್ನು 100 ಮಿ.ಲೀ.ಗೆ, 2 ಮೋಲಾರ್ ಆಮ್ಲದ 5 ಮಿ.ಲೀ.ಯನ್ನು 100 ಮಿ.ಲೀ.ಗೆ ತೆಳುಗೊಳಿಸಿದರೆ ಎರಡೂ 0.1 ಮೋಲಾರ್ ಆಗುತ್ತವೆ. ಹೈಡ್ರಾಕ್ಸೈಡ್ ಬಿಲ್ಲೆಗಳು ತೂಗುತ್ತಿರುವಾಗಲೇ ಗಾಳಿಯ ತೇವ ಹೀರುವುದರಿಂದ ಕರಾರುವಾಕ್ಕಾದ ಲೆಕ್ಕವನ್ನು ಇದರ ಮೇಲೆ ಕಟ್ಟಬೇಡಿ.

ಬ್ಯುರೆಟ್ಟನ್ನು (ಹನಿಹನಿಯಾಗಿ ಬಿಡಲು ಕೆಳಗೆ ನಲ್ಲಿಯಿರುವ ಅಳತೆ ಕೊಳವೆ) ನೀರಿನಿಂದ ತೊಳೆದ ಮೇಲೆ ಅದಕ್ಕೆ ಹಾಕಲಿರುವ ಆಮ್ಲದಿಂದಲೇ ಒಮ್ಮೆ ತೊಳೆಯಬೇಕು, ಪಿಪೆಟ್ಟನ್ನು (ನಿಗದಿತ ಅಳತೆ ಎತ್ತುವ ಕೊಳವೆ) ಹೈಡ್ರಾಕ್ಸೈಡಿನಿಂದ. ಫ್ಲಾಸ್ಕನ್ನು ಮಾತ್ರ ಬರೀ ನೀರಿನಿಂದ. ಮೂರನ್ನೂ ಒಂದೇ ರೀತಿ ತೊಳೆಯುವುದೇ ಇಲ್ಲಿನ ದೊಡ್ಡ ತಪ್ಪು. ತುದಿಯಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆ ಹೊರಬೀಳುವಂತೆ ನಲ್ಲಿಯನ್ನು ಒಮ್ಮೆ ಪೂರ್ತಿ ತೆರೆದು ಮುಚ್ಚಿ. ಆಲಿಕೆಯನ್ನು ತೆಗೆದಿಡಿ, ಇಲ್ಲದಿದ್ದರೆ ನಡುವೆ ಅದರಿಂದ ಹನಿ ಬಿದ್ದು ಅಂಕಿ ಕೆಡುತ್ತದೆ.

ಫ್ಲಾಸ್ಕಿನಲ್ಲಿ 10 ಮಿ.ಲೀ. ಹೈಡ್ರಾಕ್ಸೈಡ್, ಎರಡು ಹನಿ ಫಿನಾಲ್ಫ್ತಲೀನ್, ಕೆಳಗೆ ಬಿಳಿ ಕಾಗದ. ಬ್ಯುರೆಟ್ಟಿನಿಂದ ಆಮ್ಲ ಬಿಡುತ್ತ ಹೋಗಿ, ಗುಲಾಬಿ ತೆಳುವಾಗತೊಡಗಿದ ಮೇಲೆ ಒಂದೊಂದೇ ಹನಿ. ಬಣ್ಣ ಹೋಯಿತೆಂದ ಹನಿಯೇ ಅಂತ್ಯಬಿಂದು. ‘ಇನ್ನೂ ತಿಳಿಯಾಗಲಿ’ ಎಂದು ಮುಂದೆ ಹಾಕಿದ್ದು ಎಷ್ಟೇ ಆದರೂ ಕಣ್ಣಿಗೆ ಕಾಣುವುದಿಲ್ಲ. ಎರಡು ಓದುಗಳು 0.1 ಮಿ.ಲೀ. ಒಳಗೆ ಕೂಡುವವರೆಗೆ ಮತ್ತೆ ಮಾಡಿ. ಹಳೆಯ ಹೈಡ್ರಾಕ್ಸೈಡ್ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹೀರಿ ಕಾರ್ಬೋನೇಟ್ ಆಗಿರುತ್ತದೆ, ಅದರಿಂದ ಓದು ಕಡಿಮೆ ಬರುತ್ತದೆ.

ಬಿಸಿ ಹುಟ್ಟುವುದನ್ನು ತೋರಿಸಲು 0.1 ಮೋಲಾರ್ ದ್ರಾವಣ ಸಾಲದು, ಏರಿಕೆ ಒಂದು ಡಿಗ್ರಿಯೂ ಇರುವುದಿಲ್ಲ. 1 ಮೋಲಾರ್ ದ್ರಾವಣಗಳನ್ನು 25 ಮಿ.ಲೀ.ಯಂತೆ ಥರ್ಮೋಕೋಲ್ ಲೋಟದಲ್ಲಿ ಬೆರೆಸಿದರೆ ಆರು ಡಿಗ್ರಿಗೂ ಹೆಚ್ಚು ಏರಬೇಕು. ಮೊದಲೇ ಎರಡೂ ದ್ರಾವಣಗಳು ಒಂದೇ ಉಷ್ಣತೆಯಲ್ಲಿದ್ದವೇ ಎಂದು ನೋಡಿಕೊಂಡಿರಬೇಕು.

## ಹಂತ 8: ಪ್ರಬಲವೋ ದುರ್ಬಲವೋ, ತೆಳುವೋ ದಪ್ಪವೋ

ಇವೆರಡನ್ನೂ ಕಲಸಿಬಿಡುವುದು ಉತ್ತರಪತ್ರಿಕೆಯ ಖಾಯಂ ತಪ್ಪು. ಸಾರರಿಕ್ತ ಎಂದರೆ ನೀರು ಹೆಚ್ಚು. ದುರ್ಬಲ ಎಂದರೆ ಅಣುಗಳಲ್ಲಿ ಕೆಲವು ಮಾತ್ರ ಅಯಾನುಗಳಾಗಿ ಒಡೆಯುವುದು. ಅಡುಗೆಯ ವಿನೆಗರ್ ಸುಮಾರು 0.7ರಿಂದ 0.8 ಮೋಲಾರ್ ಅಸಿಟಿಕ್ ಆಮ್ಲ. ಹೈಡ್ರೋಕ್ಲೋರಿಕ್ ಆಮ್ಲವನ್ನೂ ಅಷ್ಟಕ್ಕೇ ತೆಳುಗೊಳಿಸಿ, ಎರಡಕ್ಕೂ 5 ಮಿ.ಲೀ.ಗೆ 2 ಸೆಂ.ಮೀ. ಉಜ್ಜಿದ ಮೆಗ್ನೀಷಿಯಂ ಪಟ್ಟಿ ಹಾಕಿ. ಒಂದರಲ್ಲಿ ಪಟ್ಟಿ ಬೇಗನೆ ಮಾಯ, ವಿನೆಗರಿನಲ್ಲಿ ನಿಮಿಷಗಟ್ಟಲೆ ಗುಳ್ಳೆ. ಆದರೆ ಕೊನೆಗೆ ಬರುವ ಒಟ್ಟು ಅನಿಲ ಎರಡರಲ್ಲೂ ಒಂದೇ. 2 ಮೋಲಾರ್ ಆಮ್ಲವನ್ನೂ ವಿನೆಗರನ್ನೂ ಹಾಗೇ ಹೋಲಿಸಿದರೆ ಈ ಪ್ರಯೋಗದಿಂದ ಏನೂ ಸಾಬೀತಾಗುವುದಿಲ್ಲ.

ವಿದ್ಯುತ್ ವಹನ ತೋರಿಸುವಾಗ ಟಾರ್ಚ್ ಬಲ್ಬು ವಿನೆಗರಿಗೆ ಉರಿಯದು. 9 ವೋಲ್ಟ್ ಬ್ಯಾಟರಿ, 470 ಓಮ್ ರೋಧಕ, ಎಲ್‌ಇಡಿ ಸಾಲಾಗಿ ಜೋಡಿಸಿದರೆ ಮಂದವಾಗಿಯಾದರೂ ಬೆಳಗುತ್ತದೆ. ಎಲ್‌ಇಡಿಯ ಉದ್ದ ಕಾಲು ಬ್ಯಾಟರಿಯ ಧನ ಬದಿಗೇ ಹೋಗಬೇಕು. ದ್ರಾವಣದಲ್ಲಿ ಅದ್ದಲು ಕಬ್ಬಿಣದ ಮೊಳೆಗಿಂತ ಪೆನ್ಸಿಲ್ಲಿನ ಗ್ರಾಫೈಟ್ ಕಡ್ಡಿ ಒಳ್ಳೆಯದು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಐದಾರು ಸೆಕೆಂಡಿಗಿಂತ ಹೆಚ್ಚು ವಿದ್ಯುತ್ ಹರಿಸಬೇಡಿ, ಒಂದು ಕಡ್ಡಿಯ ಬಳಿ ಕ್ಲೋರಿನ್ ಹುಟ್ಟುತ್ತದೆ.

## ಹಂತ 9: ಮೇಜು ಖಾಲಿ ಮಾಡುವುದು

ಉಳಿದ ಆಮ್ಲವನ್ನೆಲ್ಲ ನೀರು ತುಂಬಿದ ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿದು, ನೊರೆ ನಿಲ್ಲುವವರೆಗೆ ವಾಷಿಂಗ್ ಸೋಡಾ ಹಾಕಿ. ನೊರೆ ನಿಂತಿತೆಂದು ಚೆಲ್ಲದೆ ಲಿಟ್ಮಸ್‌ನಲ್ಲಿ ಒಮ್ಮೆ ನೋಡಿ. ತಾಮ್ರದ ದ್ರಾವಣವನ್ನು ಇದಕ್ಕೆ ಸೇರಿಸಬೇಡಿ. ಅದಕ್ಕೆ ಬೇರೆ ಡಬ್ಬಿ. ಹಳೆಯ ಕಬ್ಬಿಣದ ಮೊಳೆಗಳನ್ನು ಹಾಕಿಟ್ಟರೆ ನೀಲಿ ಹೋಗಿ ತಾಮ್ರ ಕೆಂಪು ಪುಡಿಯಾಗಿ ಕೂರುತ್ತದೆ.

ಸತುವಿನ ಹರಳುಗಳನ್ನು ತೊಳೆದು ಒರೆಸಿ ಒಣಗಿಸಿದರೆ ಮುಂದಿನ ತಂಡಕ್ಕೂ ಬರುತ್ತವೆ. ಹಸಿಯಾಗಿ, ಆಮ್ಲ ಮೆತ್ತಿಕೊಂಡಂತೆಯೇ ಮುಚ್ಚಿದ ಡಬ್ಬಿಗೆ ಹಾಕಬೇಡಿ: ಒಳಗೆ ಹೈಡ್ರೋಜನ್ ತುಂಬಿಕೊಂಡು, ತಿಂಗಳ ಬಳಿಕ ಮುಚ್ಚಳ ತೆಗೆಯುವವರಿಗೆ ಕಾದಿರುತ್ತದೆ. ಹೈಡ್ರಾಕ್ಸೈಡಿನ ಶೀಷೆಗೆ ಗಾಜಿನ ಮುಚ್ಚಳ ಹಾಕಿದರೆ ಅಂಟಿಕೊಂಡು ತೆಗೆಯಲು ಬಾರದು, ರಬ್ಬರ್ ಬಿರಡೆ ಹಾಕಿ. ತೆಳುಗೊಳಿಸಿದ ಆಮ್ಲ ಉಳಿದಿದ್ದರೆ ಶೀಷೆಯ ಮೇಲೆ ಹೆಸರು, ಮೋಲಾರಿಟಿ, ತಯಾರಿಸಿದ ದಿನಾಂಕ ಬರೆಯಿರಿ, ಪೆನ್ಸಿಲ್ಲಿನಲ್ಲಿ. ಪೆನ್ನಿನ ಶಾಯಿ ಆಮ್ಲದ ಆವಿಗೆ ಅಳಿಸಿಹೋಗುತ್ತದೆ.